18 ತುಂಬಿತು ಅಂದ ತಕ್ಷಣ ಬಾಲಮಂದಿರದಿಂದ ಹೊರಗೆ. ಆ ಹುಡುಗ ಎಲ್ಲಿಗೆ ಹೋಗಬೇಕು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಬಾಲಕರ ಬಾಲಮಂದಿರ ಒಂದರಲ್ಲಿ ಭಾನುವಾರ ಲೆಕ್ಕ ಹೇಳಿಕೊಡುತ್ತೇನೆ. ಅಲ್ಲಿ ಒಬ್ಬ ಹುಡುಗ ಇದ್ದಾನೆ. ಬುದ್ಧಿ ಬಂದಾಗಿನಿಂದ ಅದೇ ಅವನ ಮನೆ. ಸೆಕೆಂಡ್ ಪಿಯುಸಿ ಕಾಮರ್ಸ್ ಫಸ್ಟ್ ಕ್ಲಾಸ್‌ನಲ್ಲಿ ಪಾಸಾಗಿದ್ದಾನೆ, ಬಿಕಾಂ ಮಾಡಬೇಕು ಅಂತ ಆಸೆ. ಆಗಸ್ಟ್‌ಗೆ ಅವನಿಗೆ 18 ತುಂಬುತ್ತದೆ. ಅಷ್ಟರೊಳಗೆ ಎಲ್ಲಾದರೂ ನೋಡಿಕೋ ಅಂತ ಹೇಳಿದ್ದಾರಂತೆ.

ಸಿಬ್ಬಂದಿ ಕೆಟ್ಟವರಲ್ಲ. ಅವರಿಗೂ ಬೇಜಾರಿದೆ, ಆದರೆ ನಿಯಮ ಹಾಗೇ ಅನ್ನುತ್ತಾರೆ. ನಿಜವಾಗಿ ನಿಯಮ ಹಾಗೇ ಇದೆಯಾ? ಮುಂದೆ ಓದಿಗೆ, ಊಟಕ್ಕೆ, ಇರೋಕೆ ಏನೂ ವ್ಯವಸ್ಥೆ ಇಲ್ವಾ? ಹೋದ ವಾರ ಅವನು ನನ್ನನ್ನು ಕೇಳಿದ್ದು ಬಿಕಾಂ ಬಗ್ಗೆ ಅಲ್ಲ. "ಸಾರ್, ಹೊರಗೆ ಹೋದಮೇಲೆ ಜ್ವರ ಬಂದ್ರೆ ಯಾರಿಗೆ ಹೇಳಬೇಕು?" ಅಂದ. ತಿಳಿದವರು ದಯವಿಟ್ಟು ಹೇಳಿ.

ಬಸು_ಗದಗ
21ರ ತನಕ ಇರಬಹುದು ಅಂತ ಎಲ್ಲೋ ಓದಿದ ನೆನಪು. ಯಾರಾದ್ರೂ ಖಚಿತ ಮಾಡ್ರಿ.

ವಕೀಲಮ್ಮ
ಬಸು ಅವರೇ, ಅರ್ಧ ಸರಿ. ಅದೇ ಬಾಲಮಂದಿರದಲ್ಲಿ ಮುಂದುವರಿಯೋಕೆ ಆಗುವುದಿಲ್ಲ, ಅದು 18ರ ಒಳಗಿನ ಮಕ್ಕಳಿಗೆ. ಆದರೆ ಸರ್ಕಾರದ ಹೊಣೆ ಗೇಟಿನ ಹತ್ತಿರ ಮುಗಿಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಕಲಂ 46 ಇರುವುದೇ ಇವರಿಗಾಗಿ. 2016ರ ಮಾದರಿ ನಿಯಮಗಳಲ್ಲಿ 25ನೇ ನಿಯಮ ಇನ್ನೂ ಬಿಡಿಸಿ ಹೇಳುತ್ತದೆ. 21 ವರ್ಷದವರೆಗೆ ನೆರವು ಕೊಡಬಹುದು, ವಿಶೇಷ ಸಂದರ್ಭ ಇದ್ದರೆ ಇನ್ನೂ ಎರಡು ವರ್ಷ. ಇಲಾಖೆಯವರು ಇದಕ್ಕೆ ಅನುಪಾಲನೆ ಅನ್ನುತ್ತಾರೆ. ಆರರಿಂದ ಎಂಟು ಜನ ಒಟ್ಟಿಗೆ ಇರುವ ಮನೆ, ತರಬೇತಿ ಕಾಲದಲ್ಲಿ ಸ್ಟೈಪೆಂಡ್, ಮಾತಾಡೋಕೆ ಒಬ್ಬ ಆಪ್ತಸಲಹೆಗಾರ, ಸ್ವಂತ ಉದ್ಯೋಗ ಮಾಡುವವರಿಗೆ ಸಾಲದ ನೆರವು, ಇಷ್ಟೂ ನಿಯಮದಲ್ಲೇ ಇದೆ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇದೆ.

ತುಂಗಾತೀರ ಅವರೇ, ಈಗಲೇ ಮಾಡಬೇಕಾದ್ದು ಒಂದೇ. ಮಕ್ಕಳ ಕಲ್ಯಾಣ ಸಮಿತಿಯ, ಅಂದರೆ ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಜಿಲ್ಲೆಯ ಸಮಿತಿಯ, ಆದೇಶ ಬೇಕು. ಹುಡುಗನ ಕೈಯಲ್ಲೇ ಅರ್ಜಿ ಬರೆಸಿ, ಅಂಕಪಟ್ಟಿ ಇಟ್ಟು, ಯಾವ ಕಾಲೇಜು ಅಂತ ಹೆಸರು ಹಾಕಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಒಂದು ಪ್ರತಿ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಅವನ ಹೆಸರಿನಲ್ಲಿ ಒಂದು ವೈಯಕ್ತಿಕ ಪಾಲನಾ ಯೋಜನೆಯ ಕಡತ ಇರಲೇಬೇಕು, ಅದನ್ನೂ ಕೇಳಿ. ಸಮಿತಿ ಸುಮ್ಮನಿದ್ದರೆ ಕಲಂ 27ರ ಪ್ರಕಾರ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಮಗುವಿನ ಸಂಪರ್ಕದಲ್ಲಿರುವ ಯಾರು ಬೇಕಾದರೂ ಕೊಡಬಹುದು. ಲೆಕ್ಕದ ಮೇಷ್ಟ್ರೂ ಸೇರಿ.

ಆಗಸ್ಟ್ ಬರುವ ತನಕ ಕಾಯಬೇಡಿ. ಹುಡುಗ ಹೊರಗೆ ಬಂದಮೇಲೆ ಅವನ ವಿಳಾಸವೇ ಇರುವುದಿಲ್ಲ, ಯಾವ ಕಚೇರಿಯೂ ಅವನನ್ನು ಹುಡುಕಿಕೊಂಡು ಹೋಗುವುದಿಲ್ಲ.

ರಾಗಿಮುದ್ದೆ
ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ನಾನು ಮಂಡ್ಯದ ಹಳ್ಳಿಯಿಂದ 17ಕ್ಕೇ ಬೆಂಗಳೂರಿಗೆ ಬಂದವನು. ಪೀಣ್ಯದಲ್ಲಿ ಕೆಲಸ, ರಾತ್ರಿ ಕಾಲೇಜು. ನಮ್ಮ ಕಡೆ ಸಾವಿರಾರು ಹುಡುಗರು ಹೀಗೇ ಬರುತ್ತಾರೆ. ಅವರಿಗೆ ಯಾವ ಅನುಪಾಲನೆಯೂ ಇಲ್ಲ. ಇವರಿಗೆ ಕನಿಷ್ಠ ಪಿಯುಸಿ ತನಕ ಊಟ, ಓದು, ಬಟ್ಟೆ ಸಿಕ್ಕಿದೆ. 18 ಆದ ಗಂಡು ಹುಡುಗ ದುಡಿದು ತಿನ್ನಬಹುದು ಅಲ್ವಾ?

ಟ್ರಂಕು
ರಾಗಿಮುದ್ದೆ ಅವರೇ, ನಾನು ಬಾಲಮಂದಿರದಲ್ಲಿ ಬೆಳೆದವನು. ಸಿಟ್ಟಿಲ್ಲದೆ ಉತ್ತರ ಕೊಡುತ್ತೇನೆ.

ನೀವು 17ಕ್ಕೆ ಬಂದಾಗ ಬೆಂಗಳೂರಿನಲ್ಲಿ ಮೊದಲ ರಾತ್ರಿ ಎಲ್ಲಿ ಮಲಗಿದಿರಿ? ಮಾವನ ಮನೆಯೋ, ಊರಿನ ಹುಡುಗರ ರೂಮೋ ಇದ್ದಿರಬೇಕು. ಕೆಲಸಕ್ಕೆ ಸೇರಿಸಿದ್ದು ಯಾರೋ ಪರಿಚಯದವರು. ಕೆಲಸ ಹೋದರೆ ಊರಿಗೆ ವಾಪಸ್ ಹೋಗಿ ಒಂದು ತಿಂಗಳು ಅಮ್ಮನ ಕೈ ಊಟ ಮಾಡಬಹುದಿತ್ತು. ನಮಗೆ ಆ ವಾಪಸ್ ಅನ್ನುವುದೇ ಇಲ್ಲ. ದುಡಿಯೋಕೆ ನಮಗೆ ಭಯ ಇಲ್ಲ ಸಾರ್.

ಇನ್ನೊಂದು. ಹೊರಗೆ ಬಂದ ದಿನ ನನಗೆ ಒಂದು ಕೆಜಿ ಅಕ್ಕಿಗೆ ಎಷ್ಟು ಅಂತ ಗೊತ್ತಿರಲಿಲ್ಲ. ಅಡುಗೆ ಬರುತ್ತಿತ್ತು, ಆದರೆ ಎಂಬತ್ತು ಜನಕ್ಕೆ. ದೊಡ್ಡ ಡಬರಿಯಲ್ಲಿ ಸಾರಿಗೆ ಉಪ್ಪು ಎಷ್ಟು ಹಾಕಬೇಕು ಅಂತ ಕಣ್ಣಳತೆಯಲ್ಲೇ ಹೇಳುತ್ತಿದ್ದೆ. ಒಬ್ಬನಿಗೆ ಅನ್ನ ಮಾಡೋಕೆ ಬರಲಿಲ್ಲ. ಬೆಳಗ್ಗೆ ಐದಕ್ಕೆ ಗಂಟೆ ಹೊಡೆಯುತ್ತಾರೆ, ಎದ್ದೇಳುತ್ತಿದ್ದೆವು. ಸ್ನಾನ, ಪ್ರಾರ್ಥನೆ, ತಿಂಡಿ, ಎಲ್ಲಕ್ಕೂ ಗಂಟೆ. ಸೋಪು, ಪೇಸ್ಟು ತಿಂಗಳ ಮೊದಲನೇ ವಾರ ಸಾಲಿನಲ್ಲಿ ನಿಂತರೆ ಸಿಗುತ್ತಿತ್ತು. ಅಂಗಡಿಗೆ ಹೋಗಿ ನನಗೆ ಯಾವ ಸೋಪು ಬೇಕು ಅಂತ ಯೋಚನೆ ಮಾಡಿದ್ದೇ ಇಲ್ಲ. ಮೊದಲನೇ ಸಂಬಳ ನಾಲ್ಕೇ ದಿನಕ್ಕೆ ಖಾಲಿ ಆಯಿತು. ದುಂದು ಮಾಡಿದ್ದಕ್ಕಲ್ಲ. ಸಾಲ ಕೇಳಿದವರಿಗೆಲ್ಲ ಕೊಟ್ಟೆ. ಒಳಗೆ ಇದ್ದದ್ದನ್ನು ಹಂಚಿಕೊಂಡು ತಿನ್ನುವುದೇ ನಮಗೆ ಗೊತ್ತಿದ್ದ ರೀತಿ.

ತುಂಗಾತೀರ ಅವರೇ, ಆ ಹುಡುಗನನ್ನು ಈಗಿನಿಂದಲೇ ಅನುಮತಿ ತೆಗೆದುಕೊಂಡು ಸಂತೆಗೆ, ಬ್ಯಾಂಕಿಗೆ, ಆಸ್ಪತ್ರೆ ಹೊರರೋಗಿ ಚೀಟಿ ಕೌಂಟರಿಗೆ ಕರೆದುಕೊಂಡು ಹೋಗಿ. ನೀವು ದುಡ್ಡು ಕೊಡಬೇಡಿ, ಅವನ ಕೈಯಲ್ಲೇ ಕೊಡಿಸಿ.

ಕರಾವಳಿ_ಕುಸುಮ
ಟ್ರಂಕು ಅವರ ಮಾತು ಓದಿ ಕಣ್ಣು ತುಂಬಿತು. ಆದರೆ ಚರ್ಚೆ ಪೂರ್ತಿ ಹುಡುಗರ ಬಗ್ಗೆ ಹೋಗುತ್ತಿದೆ. ಹುಡುಗಿಯರ ಕಥೆ ಬೇರೆ. ಬಾಲಕಿಯರ ಬಾಲಮಂದಿರದಲ್ಲಿ 18 ಆದರೆ ಹಲವರನ್ನು ರಾಜ್ಯ ಮಹಿಳಾ ನಿಲಯಕ್ಕೆ, ಅಂದರೆ ಆಸರೆ ಇಲ್ಲದ ಹೆಂಗಸರಿಗಾಗಿ ಸರ್ಕಾರ ನಡೆಸುವ ನಿಲಯಕ್ಕೆ, ಕಳಿಸುತ್ತಾರೆ. ತಲೆ ಮೇಲೆ ಸೂರು ಇದೆ, ಅದು ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿಂದ ಹೊರಗೆ ಬರುವ ದಾರಿ ಅಂದರೆ ಜಾಸ್ತಿ ಸಲ ಮದುವೆ. ಓದು, ಕೆಲಸದ ಮಾತು ಆಮೇಲೆ.

ಬೆಣ್ಣೆದೋಸೆ_ದಾವಣಗೆರೆ
ಕುಸುಮ ಅವರೇ, ಮದುವೆಯನ್ನು ಅಷ್ಟು ಹಗುರ ಮಾಡಬೇಡಿ. ನಮ್ಮ ದಾವಣಗೆರೆ ನಿಲಯದಲ್ಲಿ ಆಗುವ ಮದುವೆಗಳು ಪೇಪರ್‌ನಲ್ಲಿ ಬರುತ್ತವೆ. ಅಧಿಕಾರಿಗಳೇ ನಿಂತು ಧಾರೆ ಎರೆದು ಕೊಡುತ್ತಾರೆ. ವರನ ಮನೆ, ಆದಾಯ, ಪೊಲೀಸ್ ಪರಿಶೀಲನೆ ಎಲ್ಲ ಆದಮೇಲೇ ಒಪ್ಪಿಗೆ. ನಮ್ಮ ಬೀದಿಯಲ್ಲೇ ಒಬ್ಬ ಸೊಸೆ ನಿಲಯದಿಂದ ಬಂದವಳು. ಅತ್ತೆ ಅವಳನ್ನು ಬಿಟ್ಟು ಒಂದು ಹಬ್ಬ ಮಾಡುವುದಿಲ್ಲ. ಎಷ್ಟು ಹೆಣ್ಣುಮಕ್ಕಳಿಗೆ ತವರಿನವರು ಇಷ್ಟು ವಿಚಾರಣೆ ಮಾಡಿ ಕೊಡುತ್ತಾರೆ ಹೇಳಿ?

ಕರಾವಳಿ_ಕುಸುಮ
ಆ ಸೊಸೆ ಚೆನ್ನಾಗಿರಲಿ, ಮನಸಾರೆ ಹೇಳುತ್ತೇನೆ. ನನ್ನ ಪ್ರಶ್ನೆ ಬೇರೆ. ಹೆಣ್ಣು ಸಿಗದೆ ಬೇರೆ ಬೇರೆ ಜಿಲ್ಲೆಗಳಿಂದ ಗಂಡುಗಳು ಅರ್ಜಿ ಹಾಕುತ್ತಾರೆ, ಒಂದೆರಡು ಭೇಟಿಯಲ್ಲಿ ಅವಳು ಹೂಂ ಅನ್ನಬೇಕು. ಬೇಡ ಅಂದರೆ ಅವಳಿಗೆ ಇನ್ನೊಂದು ದಾರಿ ಕೈಯಲ್ಲಿ ಇರಬೇಕು ಅಲ್ವಾ? ನರ್ಸಿಂಗೋ, ಡಿಪ್ಲೊಮಾನೋ, ಒಂದು ಕೆಲಸವೋ. ಬೇರೆ ದಾರಿಯೇ ಇಲ್ಲದಾಗ ಹೇಳುವ ಒಪ್ಪಿಗೆಯನ್ನು ನಾನು ಒಪ್ಪಿಗೆ ಅನ್ನುವುದಿಲ್ಲ. ಮದುವೆ ಆದಮೇಲೆ ಜಗಳ ಆದರೆ ಅವಳು ಬರಬೇಕಾದ್ದು ಅದೇ ನಿಲಯಕ್ಕೆ.

ಬಸು_ಗದಗ
ಇಬ್ಬರದ್ದೂ ಖರೆ. ನಮ್ಮ ಕಡೆ ಹುಬ್ಬಳ್ಳಿ ನಿಲಯದಾಗೂ ಇಂಥ ಮದುವೆ ಆಗ್ತಾವ. ಓದು ಮುಗಿಸಿ ಆಮೇಲೆ ಮದುವೆ ಅಂತ ಕಡ್ಡಾಯ ಮಾಡಿದ್ರ ಚಲೋ.

ರಾಗಿಮುದ್ದೆ
ಟ್ರಂಕು ಅವರೇ, ಊರಿನ ಹುಡುಗರ ರೂಮೇ. ನೀವು ಹೇಳಿದ್ದು ಒಪ್ಪುತ್ತೇನೆ. ಆದರೂ ತಿಂಗಳಿಗೆ 4,000 ಕೊಟ್ಟರೆ ಏನಾಗುತ್ತದೆ? ಬೆಂಗಳೂರಿನಲ್ಲಿ ಪಿಜಿಯಲ್ಲಿ ಒಂದು ಮಂಚಕ್ಕೂ ಸಾಲದು. ಮೂರು ವರ್ಷ ಕೊಟ್ಟು 21ಕ್ಕೆ ನಿಲ್ಲಿಸಿದರೆ ಆಗಲೂ ಅದೇ ಗೋಳು ತಾನೇ? ದುಡ್ಡು ಹಂಚುವುದಕ್ಕಿಂತ ಕೈಯಲ್ಲಿ ಒಂದು ಕಸುಬು ಕೊಡಿ. ಐಟಿಐ ಮಾಡಿದ ಫಿಟ್ಟರ್‌ಗೆ ಇವತ್ತೂ ಕೆಲಸ ಇದೆ.

ವಕೀಲಮ್ಮ
ಕಸುಬು ಮತ್ತು ದುಡ್ಡು ಎರಡೂ ನಿಯಮದಲ್ಲಿದೆ, ಒಂದನ್ನು ಕೊಟ್ಟು ಇನ್ನೊಂದನ್ನು ಬಿಡಬೇಕಿಲ್ಲ. ಐಟಿಐ ಓದುವಾಗಲೂ ಊಟ ಮಾಡಬೇಕಲ್ಲ. 4,000 ಬೆಂಗಳೂರಿಗೆ ಕಡಿಮೆ ಅನ್ನುವುದು ನಿಜ. ಅದಕ್ಕೇ ಸರ್ಕಾರಿ ಹಾಸ್ಟೆಲ್ ಸೀಟು, ಶುಲ್ಕ ವಿನಾಯಿತಿ, ಇವನ್ನೂ ಸೇರಿಸಿಯೇ ಯೋಜನೆ ಮಾಡಬೇಕು.

ಲೀಡ್ಸ್_ಲತಾ
ಇಂಗ್ಲೆಂಡಿನಲ್ಲಿ ಮಕ್ಕಳ ಸೇವಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಮೂಲ ಹಾಸನ. ಇಲ್ಲಿ ಇಂಥ ಹೆಚ್ಚಿನ ಮಕ್ಕಳು ಬೆಳೆಯುವುದು ದೊಡ್ಡ ಸಂಸ್ಥೆಗಳಲ್ಲಿ ಅಲ್ಲ, ಪೋಷಕ ಕುಟುಂಬಗಳಲ್ಲಿ, ಅಂದರೆ ದತ್ತು ತೆಗೆದುಕೊಳ್ಳದೆ ಬೇರೆಯವರ ಮಕ್ಕಳನ್ನು ಮನೆಯಲ್ಲಿಟ್ಟು ಸಾಕುವವರ ಹತ್ತಿರ. 2014ರ ಕಾಯ್ದೆ ಬಂದಮೇಲೆ ಇಬ್ಬರಿಗೂ ಇಷ್ಟ ಇದ್ದರೆ 21ರ ತನಕ ಅದೇ ಮನೆಯಲ್ಲಿ ಇರಬಹುದು. 2017ರ ಕಾಯ್ದೆಯಿಂದ 25 ವರ್ಷದ ತನಕ ಒಬ್ಬ ಸಲಹೆಗಾರರ ನೆರವು ಕೇಳುವ ಹಕ್ಕಿದೆ. ವಿಶ್ವವಿದ್ಯಾಲಯಕ್ಕೆ ಹೋದರೆ ಸ್ಥಳೀಯ ಕೌನ್ಸಿಲ್ 2,000 ಪೌಂಡ್ ಕೊಡುತ್ತದೆ. ಇಷ್ಟಿದ್ದೂ ಇಲ್ಲಿ ಎಲ್ಲ ಸರಿ ಇಲ್ಲ. ಸಲಹೆಗಾರರು ಬದಲಾಗುತ್ತಲೇ ಇರುತ್ತಾರೆ, ಒಬ್ಬೊಬ್ಬರ ಮೇಲೆ ತುಂಬಾ ಮಕ್ಕಳ ಭಾರ. ಆದರೂ ಜ್ವರ ಬಂದರೆ ಫೋನ್ ಮಾಡೋಕೆ ಕಾನೂನಿನ ಪ್ರಕಾರ ಒಂದು ಹೆಸರಿದೆ. ಮೇಷ್ಟ್ರ ಹುಡುಗ ಕೇಳಿದ್ದು ಅದನ್ನೇ.

ಫ್ರಿಮಾಂಟ್_ಶ್ರೀಧರ
ಅಮೆರಿಕದ್ದು ಒಂದೊಂದು ರಾಜ್ಯಕ್ಕೆ ಒಂದೊಂದು ಥರ. 2008ರಲ್ಲಿ ಕೇಂದ್ರ ಕಾನೂನು ಬಂತು, 21ರ ತನಕ ಆರೈಕೆ ಮುಂದುವರಿಸುವ ರಾಜ್ಯಗಳಿಗೆ ಕೇಂದ್ರದ ಹಣ ಸಿಗುತ್ತದೆ. ಕ್ಯಾಲಿಫೋರ್ನಿಯಾ ಅದನ್ನು ತೆಗೆದುಕೊಂಡಿತು. 18ರ ವಯಸ್ಸಿನಲ್ಲಿ ಪೋಷಕ ಆರೈಕೆಯಲ್ಲಿದ್ದವರಿಗೆ 26ರ ತನಕ ಮೆಡಿಕೇಡ್ ಆರೋಗ್ಯ ವಿಮೆ ಇದೆ. ಆದರೆ ಬೀದಿಯಲ್ಲಿ ಮಲಗುವ ಯುವಕರನ್ನು ಮಾತಾಡಿಸಿದರೆ ಅವರಲ್ಲಿ ಪೋಷಕ ಮನೆಗಳಿಂದ ಬಂದವರು ಇಲ್ಲೂ ಸಿಗುತ್ತಾರೆ.

ಬಸು_ಗದಗ
ಪೌಂಡು, ಡಾಲರ್ ಲೆಕ್ಕ ಸಾಕು. ಶಿವಮೊಗ್ಗಕ್ಕೋ ಗದಗಕ್ಕೋ ಬರ್ರಿ.

ತುಂಗಾತೀರ
ವಕೀಲಮ್ಮ ಅವರೇ, ತುಂಬಾ ಧನ್ಯವಾದ. ಅರ್ಜಿ ಬರೆಸಿದ್ದೇವೆ. ಮನೆಯಲ್ಲಿ ಹೆಂಡತಿ ಜೊತೆಗೂ ಮಾತಾಡಿದೆ. ಅವನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಬಹುದಾ? ಪೋಷಕತ್ವ ಅಂತ ಒಂದು ಯೋಜನೆ ಇದೆಯಲ್ಲ, ಅದರಡಿ?

ವಕೀಲಮ್ಮ
ಪೋಷಕತ್ವ 18ರ ಒಳಗಿನ ಮಗುವಿಗೆ ಮಾತ್ರ. ಅದಕ್ಕೆ ಮನೆ ಪರಿಶೀಲನೆ, ಸಮಿತಿ ಆದೇಶ ಎಲ್ಲ ಬೇಕು. ಇವನಿಗೆ ಉಳಿದ ಸಮಯದಲ್ಲಿ ಅದು ಆಗುವ ಕೆಲಸ ಅಲ್ಲ. 18 ಆದಮೇಲೆ ಅವನು ವಯಸ್ಕ, ನಿಮ್ಮ ಮನೆಯಲ್ಲಿರೋಕೆ ಯಾರ ಆದೇಶವೂ ಬೇಡ. ಆದರೆ ಅದನ್ನು ಸಮಿತಿಗೆ ತಿಳಿಸಿಯೇ ಮಾಡಿ, ಅನುಪಾಲನೆಯ ಹಣವನ್ನು ಬಿಟ್ಟುಕೊಡಬೇಡಿ. ಅದು ಅವನ ಬ್ಯಾಂಕ್ ಖಾತೆಗೇ ಬರಬೇಕು, ನಿಮ್ಮ ಖಾತೆಗಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. 18ರ ಒಳಗಿನ ಮಕ್ಕಳಿಗೆ ಪೋಷಕ ಕುಟುಂಬ ಆಗೋಕೆ 2024ರ ಹೊಸ ಮಾರ್ಗಸೂಚಿಯಲ್ಲಿ ಮದುವೆ ಆಗದವರಿಗೂ ಅವಕಾಶ ಇದೆ. ಆರು ವರ್ಷ ದಾಟಿದ ಮಕ್ಕಳನ್ನು ದತ್ತು ಕೇಳುವವರು ತೀರಾ ಕಡಿಮೆ. ಅವರೇ ಮುಂದೆ 18ಕ್ಕೆ ಹೀಗೆ ಬಾಗಿಲಲ್ಲಿ ನಿಲ್ಲುವುದು.

ಜೆರಾಕ್ಸ್_ಮಂಜು
ತಾಲ್ಲೂಕು ಕಚೇರಿ ಎದುರು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ನನ್ನದು. ಇಂಥ ಹುಡುಗರು ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕಾನೂನು ಎಲ್ಲ ಸರಿ, ಇವರು ಸಿಕ್ಕಿ ಬೀಳುವುದು ಓಟಿಪಿಯಲ್ಲಿ.

ಹೇಗೆ ಅಂದರೆ, ಚಿಕ್ಕವನಿದ್ದಾಗ ಆಧಾರ್ ಮಾಡಿಸುವಾಗ ಸಂಸ್ಥೆಯ ಮೇಡಂ ಒಬ್ಬರು ತಮ್ಮ ಮೊಬೈಲ್ ನಂಬರ್ ಕೊಟ್ಟಿರುತ್ತಾರೆ. ಮೇಡಂ ವರ್ಗ ಆಗಿ ವರ್ಷಗಳೇ ಆಗಿರುತ್ತದೆ. ಹುಡುಗ ಇಲ್ಲಿ ನನ್ನ ಅಂಗಡಿಯಲ್ಲಿ ಕೂತು ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಾನೆ, ಓಟಿಪಿ ಬೇರೆ ಜಿಲ್ಲೆಯಲ್ಲಿರುವ ಮೇಡಂ ಫೋನಿಗೆ ಹೋಗುತ್ತದೆ. ಹತ್ತು ನಿಮಿಷ ಆದರೆ ಅದು ಸತ್ತಂತೆ. ಬ್ಯಾಂಕ್ ಖಾತೆಯೂ ಅಷ್ಟೇ. ಮೈನರ್ ಖಾತೆ, ಅಧೀಕ್ಷಕರ ಹೆಸರಿನ ಜೊತೆ. 18 ಆದಮೇಲೆ ಅವನ ಸಹಿ, ಫೋಟೋ, ಹೊಸ ಕೆವೈಸಿ ಕೊಡದಿದ್ದರೆ ಖಾತೆ ನಿಂತುಹೋಗುತ್ತದೆ. ನಾಲ್ಕು ಸಾವಿರ ಮಂಜೂರಾದರೂ ಬೀಳೋಕೆ ಜಾಗ ಇಲ್ಲ.

ಆದ್ದರಿಂದ ತುಂಗಾತೀರ ಅವರೇ, ಹುಡುಗ ಇನ್ನೂ ಒಳಗೆ ಇರುವಾಗಲೇ ಆಧಾರ್‌ಗೆ ಅವನದೇ ನಂಬರ್ ಹಾಕಿಸಿ. ವಿಳಾಸದ ದಾಖಲೆ ಇಲ್ಲದಿದ್ದರೆ ಸಂಸ್ಥೆಯ ಮುಖ್ಯಸ್ಥರು ಆಧಾರ್‌ನವರದೇ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ನಡೆಯುತ್ತದೆ. ಹೊರಗೆ ಬಂದಮೇಲೆ ಆ ಸಹಿಗೆ ಅಲೆದಾಡಬೇಕು. ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ, ಖಾತೆಯಲ್ಲಿ ಹೆಸರು, ಇನಿಶಿಯಲ್, ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ಒಂದು ಅಕ್ಷರ ಆಚೀಚೆ ಆದರೂ ಅರ್ಜಿ ವಾಪಸ್.

ಟ್ರಂಕು
ಮಂಜು ಅವರೇ, ತಂದೆ ಹೆಸರಿನ ಕಾಲಂ ಮರೆತಿರಿ. ಅದು ಖಾಲಿ ಬಿಟ್ಟರೆ ಎಷ್ಟೋ ಫಾರಂ ಮುಂದಕ್ಕೇ ಹೋಗುವುದಿಲ್ಲ. ನಮ್ಮ ಬ್ಯಾಚಿನವರು ಬಾಯಿಗೆ ಬಂದ ಹೆಸರು ಬರೆದು, ಆಮೇಲೆ ಒಂದೊಂದು ದಾಖಲೆಯಲ್ಲಿ ಒಬ್ಬೊಬ್ಬ ಅಪ್ಪ ಆಗಿ ಒದ್ದಾಡಿದ್ದಾರೆ.

ಜೆರಾಕ್ಸ್_ಮಂಜು
ನಿಜ. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಇದನ್ನು 2016ರ ಕೊನೆಯಲ್ಲಿ ಸರಿ ಮಾಡಿದರು. ತಂದೆ, ತಾಯಿ, ಪಾಲಕ, ಯಾರಾದರೂ ಒಬ್ಬರ ಹೆಸರು ಸಾಕು. ಹುಟ್ಟಿದ ದಿನದ ದಾಖಲೆ ಇಲ್ಲದ ಅನಾಥ ಮಕ್ಕಳಿಗೆ ಸಂಸ್ಥೆಯ ಮುಖ್ಯಸ್ಥರು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ನಡೆಯುತ್ತದೆ. ಅಲ್ಲಿ ಆಗುವುದಾದರೆ ಬೇರೆ ಕಡೆ ಯಾಕೆ ಆಗಬಾರದು?

ಹಳೇಮೈಸೂರು
ಜಾತಿ ಪ್ರಮಾಣಪತ್ರದ ಕಥೆ? ಹಾಸ್ಟೆಲ್, ಸ್ಕಾಲರ್‌ಶಿಪ್, ಸೀಟು ಎಲ್ಲ ಅದರ ಮೇಲೆ. ಅಪ್ಪ ಅಮ್ಮ ಯಾರೆಂದೇ ಗೊತ್ತಿಲ್ಲದವನಿಗೆ ಯಾವ ಜಾತಿ? ಮಹಾರಾಷ್ಟ್ರದಲ್ಲಿ 2018ರಿಂದ ಅನಾಥ ಮಕ್ಕಳಿಗೆ ಶೇಕಡ 1 ಮೀಸಲಾತಿ ಇದೆ. ನಮ್ಮಲ್ಲೂ ಅದನ್ನೇ ಕೇಳಬೇಕು.

ರಾಗಿಮುದ್ದೆ
ಮತ್ತೆ ಮೀಸಲಾತಿನಾ? ಇರುವುದಕ್ಕೇ ಇಷ್ಟು ಜಗಳ.

ಹಳೇಮೈಸೂರು
ಜಗಳ ಆಗುತ್ತದೆ ಅಂತ ಕೇಳದೆ ಇರೋಕೆ ಆಗುತ್ತಾ? ಇವರ ಪರವಾಗಿ ಬೀದಿಗೆ ಇಳಿಯೋಕೆ ಒಂದು ಸಮುದಾಯ ಇಲ್ಲ, ಮಠ ಇಲ್ಲ, ಓಟ್ ಬ್ಯಾಂಕ್ ಇಲ್ಲ. ನಾವಾದರೂ ಮಾತಾಡಬೇಕು.

ಕರಾವಳಿ_ಕುಸುಮ
ಕೋವಿಡ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಪಿಎಂ ಕೇರ್ಸ್‌ನಲ್ಲಿ 23 ವರ್ಷ ಆದಾಗ 10 ಲಕ್ಷ ಸಿಗುತ್ತದೆ. ಕೊಡಲಿ, ಕೊಡಲೇಬೇಕು. ಆದರೆ ಅಪ್ಪ ಅಮ್ಮ ಕ್ಷಯದಿಂದಲೋ ಅಪಘಾತದಲ್ಲೋ ಹೋದ ಮಗು ಅದೇ ಬಾಲಮಂದಿರದಲ್ಲಿ ಪಕ್ಕದ ಚಾಪೆಯಲ್ಲಿ ಮಲಗುತ್ತದೆ. ಅದಕ್ಕೆ ಆ ದುಡ್ಡಿಲ್ಲ. ಮಗು ಯಾವ ಕಾಯಿಲೆಯಿಂದ ಅನಾಥ ಆಯಿತು ಅನ್ನುವುದು ಮುಖ್ಯ ಆಗಬಾರದು.

ಫ್ರಿಮಾಂಟ್_ಶ್ರೀಧರ
ಇಲ್ಲಿಂದ ನಾವು ಏನು ಮಾಡಬಹುದು? ಒಬ್ಬ ಹುಡುಗನ ಪೂರ್ತಿ ಫೀಸ್ ಕಟ್ಟೋಕೆ ನಾನು ರೆಡಿ. ಅವನ ಹೆಸರು, ಖಾತೆ ನಂಬರ್ ಇಲ್ಲೇ ಹಾಕಿ.

ವಕೀಲಮ್ಮ
ದಯವಿಟ್ಟು ಯಾರೂ ಹಾಕಬೇಡಿ. ಅವನಿಗೆ ಇನ್ನೂ 18 ಆಗಿಲ್ಲ. ಆರೈಕೆಯಲ್ಲಿರುವ ಮಗುವಿನ ಹೆಸರು, ಫೋಟೋ, ಸಂಸ್ಥೆಯ ಗುರುತು ಬಹಿರಂಗ ಮಾಡುವುದು ಕಲಂ 74ರ ಪ್ರಕಾರ ಅಪರಾಧ. ಶ್ರೀಧರ ಅವರೇ, ನಿಮ್ಮ ಮನಸ್ಸು ದೊಡ್ಡದು. ಕಾಲೇಜಿಗೆ ಸೇರಿದಮೇಲೆ ಫೀಸನ್ನು ನೇರವಾಗಿ ಕಾಲೇಜಿಗೇ ಕಟ್ಟಿ.

ಟ್ರಂಕು
ಫೀಸ್ ಕಟ್ಟುವವರು ಸಿಗುತ್ತಾರೆ, ಅದರ ಬಗ್ಗೆ ನನಗೆ ನಂಬಿಕೆ ಇದೆ. ದಸರಾ ರಜೆಗೆ ಕರೆಯುವವರು ಸಿಗುವುದಿಲ್ಲ.

ದೀಪಾವಳಿಗೆ ಹಾಸ್ಟೆಲ್ ಮೆಸ್ ಮುಚ್ಚುತ್ತಾರೆ. ಎಲ್ಲರೂ ಬ್ಯಾಗ್ ಹಾಕಿಕೊಂಡು ಹೊರಡುತ್ತಾರೆ. "ನೀನು ಯಾವಾಗ ಊರಿಗೆ?" ಅಂತ ಕೇಳುತ್ತಾರೆ. ನಾನು ಸುಮ್ನೆ ನಾಳೆ ಅನ್ನುತ್ತಿದ್ದೆ. ಮೆಜೆಸ್ಟಿಕ್‌ನಲ್ಲಿ ಬಸ್ ಸ್ಟ್ಯಾಂಡ್ ಬೆಂಚಿನ ಮೇಲೆ ಕೂತು ಎಲ್ಲರ ಬಸ್ ಹೋಗುವುದನ್ನು ನೋಡಿ ವಾಪಸ್ ರೂಮಿಗೆ ಬರುತ್ತಿದ್ದೆ. ಒಂದು ಸಲ ನನ್ನ ಜೊತೆ ಕೆಲಸ ಮಾಡುವವನು ಜಬರ್ದಸ್ತಿ ಮಾಡಿ ತಿಪಟೂರಿಗೆ ಕರೆದುಕೊಂಡು ಹೋದ. ಅವರಮ್ಮ ಎಣ್ಣೆ ಹಚ್ಚಿ ನೀರು ಹಾಕಿದರು, ನನಗೂ ಒಂದು ಹೊಸ ಟವೆಲ್ ಕೊಟ್ಟರು. ಅಲ್ಲಿಂದ ಈಚೆಗೆ ನನ್ನ ಎಲ್ಲ ಅರ್ಜಿಗಳಲ್ಲೂ ತುರ್ತು ಸಂಪರ್ಕ ಅನ್ನುವ ಜಾಗದಲ್ಲಿ ಅವರ ನಂಬರ್ ಇದೆ. ಅವರನ್ನು ಕೇಳಿಯೇ ಬರೆದದ್ದು.

ಬೆಣ್ಣೆದೋಸೆ_ದಾವಣಗೆರೆ
ಟ್ರಂಕು ಅವರೇ, ಈ ಸಲ ಹಬ್ಬಕ್ಕೆ ನಮ್ಮ ಮನೆಗೂ ಬನ್ನಿ. ಬಾಯಿಮಾತಿಗೆ ಹೇಳುತ್ತಿಲ್ಲ. ಮೆಸೇಜ್ ಮಾಡಿದ್ದೇನೆ ನೋಡಿ.

ರಾಗಿಮುದ್ದೆ
ಮೇಷ್ಟ್ರೇ, ಹುಡುಗನಿಗೆ ರಜೆಯಲ್ಲಿ ಅಕೌಂಟ್ಸ್ ಕಲಿಯುವ ಕೆಲಸ ಬೇಕಾದರೆ ಹೇಳಿ. ನಮ್ಮ ಫ್ಯಾಕ್ಟರಿಯ ಲೆಕ್ಕ ನೋಡುವ ಆಡಿಟರ್ ಹತ್ತಿರ ಮಾತಾಡುತ್ತೇನೆ. 18 ತುಂಬಿದಮೇಲೆ, ಸಂಬಳ ಕೊಟ್ಟೇ. ಇರೋಕೆ ನಮ್ಮ ಹುಡುಗರ ರೂಮಿದೆ.

ಮಲ್ಲಿಗೆ_20
ನಮಸ್ತೆ, ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ನನಗೆ 20 ವರ್ಷ. ಖಾಸಗಿ ಸಂಸ್ಥೆಯೊಂದರಲ್ಲಿ ಬೆಳೆದೆ, 18 ಆದಾಗ ಹೊರಗೆ ಬಂದೆ. ಅನುಪಾಲನೆ ಅಂತ ಇದೆ ಅಂತ ಯಾರೂ ಹೇಳಲಿಲ್ಲ. ಈಗ ಬಟ್ಟೆ ಅಂಗಡಿಯಲ್ಲಿ ಕೆಲಸ, ಡಿಗ್ರಿ ನಿಲ್ಲಿಸಿದ್ದೇನೆ. ನಾನು ಈಗ ಅರ್ಜಿ ಹಾಕಬಹುದಾ, ಅಥವಾ ಒಳಗೆ ಇದ್ದಾಗಲೇ ಹಾಕಬೇಕಿತ್ತಾ?

ವಕೀಲಮ್ಮ
ಹಾಕಬಹುದು ಮಲ್ಲಿಗೆ. ಸಂಸ್ಥೆಯ ಆರೈಕೆಯಿಂದ ಹೊರಗೆ ಬಂದ, 18 ತುಂಬಿ 21 ತುಂಬದವರಿಗೇ ಅನುಪಾಲನೆ ಅಂತ ಕಾಯ್ದೆಯ ಕಲಂ 2ರಲ್ಲೇ ಇದೆ. ಖಾಸಗಿ ಸಂಸ್ಥೆ ಆದರೂ ಅಲ್ಲಿಗೆ ನಿಮ್ಮನ್ನು ಸೇರಿಸಿದ ಸಮಿತಿಯ ಆದೇಶದ ಪ್ರತಿ ಇರುತ್ತದೆ. ಸಂಸ್ಥೆಯಲ್ಲಿ ಕೇಳಿ, ಕೊಡದಿದ್ದರೆ ಸಮಿತಿಯ ಕಡತದಲ್ಲಿ ಸಿಗುತ್ತದೆ. 21 ತುಂಬೋಕೆ ಎಷ್ಟು ತಿಂಗಳಿದೆ, ಯಾವ ಜಿಲ್ಲೆ ಅಂತ ನನಗೆ ಖಾಸಗಿಯಾಗಿ ಬರೆಯಿರಿ. ಅರ್ಜಿಯ ಕರಡು ಇವತ್ತು ರಾತ್ರಿಯೇ ಕಳಿಸುತ್ತೇನೆ. ಡಿಗ್ರಿಯ ಯಾವ ಸೆಮಿಸ್ಟರ್‌ಗೆ ನಿಲ್ಲಿಸಿದಿರಿ ಅನ್ನುವುದನ್ನೂ ಬರೆಯಿರಿ, ಅದು ಅರ್ಜಿಯಲ್ಲಿ ಬೇಕು.

ಜೆರಾಕ್ಸ್_ಮಂಜು
ಮಲ್ಲಿಗೆ ಅವರೇ, ಆಧಾರ್‌ನಲ್ಲಿ ಯಾರ ನಂಬರ್ ಇದೆ ಅಂತ ಮೊದಲು ನೋಡಿಕೊಳ್ಳಿ.